ತಣ್ಣನೆಯ ಒಲೆಯ ಮೊದಲ ಸರದಿ

ಫ್ರಾನ್ಸಿನ ಓವೆರ್ನ್ ಸೀಮೆಯ ಹಳ್ಳಿಗಳ ಚರಿತ್ರೆಯಲ್ಲಿ ಆಸಕ್ತಿಯುಳ್ಳವರಿಗೆ ಶ್ರೀಮತಿ ಅರ್ಮೆಲ್ ಕೆರ್ವೆಲ್ಲ ಅವರ ಹೆಸರು ಹೊಸದಲ್ಲ. ವಿದ್ವಾಂಸರು ಕೋಟೆಗಳಿಗೂ ಯುದ್ಧಗಳಿಗೂ ಜೋತುಬಿದ್ದಿದ್ದ ಕಾಲದಲ್ಲಿ, ನಮ್ಮ ಶಾಂಬ್ರೆಲ್‌ನಂಥ ಪುಟ್ಟ ಊರಿನ ಬಟ್ಟೆ ಒಗೆಯುವ ಕಟ್ಟೆಗೂ ಹೊಲದ ಬೇಲಿಗೂ ಬ್ರೆಡ್ಡು ಸುಡುವ ಊರೊಲೆಗೂ ಚರಿತ್ರೆಯುಂಟೆಂದು ತೋರಿಸಿಕೊಟ್ಟವರು ಅವರು. ಒಂದೇ ಕೊಠಡಿಯ ನಮ್ಮ ಶಾಲೆಯಲ್ಲಿ ಎರಡು ತಲೆಮಾರಿಗೆ ಅಕ್ಷರ ಕಲಿಸಿ ಈ ಬೇಸಗೆಯಲ್ಲಿ ನಿವೃತ್ತರಾದ ಅವರನ್ನು ಅಭಿನಂದಿಸುವಾಗ, ಅವರು ಯಾರೊಡನೆಯೂ ಬಾಯಿಬಿಟ್ಟು ಹೇಳದ ಒಂದು ಆಸೆಯನ್ನೂ ಹೇಳಬೇಕು. ಇಲ್ಲವಾದರೆ ಈ ಲೇಖನ ಬರಿಯ ಹಾರ ತುರಾಯಿಯಾದೀತು.

ಊರಿಗೆ ಬಂದಾಗ ಅವರಿನ್ನೂ ಹರೆಯದವರು. ದೂರದ ಬ್ರಿಟನಿ ಕಡಲತೀರದ ಮೀನುಗಾರರ ಮಗಳು. ಅಂದಿನ ಮೇಯರ್ ಅಂಟೊನಿನ್ ಶಸಾಂಗ್ ಅವರ ಸ್ವಾಗತ ಭಾಷಣ ಇಷ್ಟೇ ಇತ್ತು: "ಬೆಣ್ಣೆಗೆ ಉಪ್ಪು ಹಾಕ್ಕೊಂಡು ತಿನ್ನೋರು, ನಮ್ಮ ಮಕ್ಕಳಿಗೆ ಅದೇನು ಕಲಿಸ್ತಾರೋ!" ಅದೇ ಮೇಯರ್ ಎರಡು ವರ್ಷದ ಬಳಿಕ, ಗಾಡಿ ನಿಲ್ಲಿಸಲು ಜಾಗ ಸಾಲದೆಂದು ಊರೊಲೆಯನ್ನು ಕೆಡವಲು ಹೊರಟರು. ಅರ್ಮೆಲ್ ಜಗಳಕ್ಕೆ ಹೋಗಲಿಲ್ಲ. ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ, ಆ ಕಲ್ಲಿನ ಕಮಾನಿನೊಳಗೆ ಏನೇನು ಬೆಂದಿತ್ತೆಂದು ಮುದುಕಿಯರನ್ನು ಕೇಳಿದರು. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದ ವರ್ಷಗಳಲ್ಲಿ ಹೆಂಗಸರೇ ಕಾಡಿನಿಂದ ಕಟ್ಟಿಗೆ ಹೊತ್ತು ಈ ಒಲೆಯನ್ನು ಉರಿಸಿದ್ದರೆಂಬ ಸಂಗತಿ ಹಾಗೆ ಹೊರಬಂತು. ಕೆಡವುವ ದಿನ ಆ ಮುದುಕಿಯರೇ ಕುರ್ಚಿ ಹಾಕಿಕೊಂಡು ಒಲೆಯ ಮುಂದೆ ಕೂತರು. ಅವರಲ್ಲಿ ಮೇಯರರ ತಾಯಿಯೂ ಇದ್ದರು. ಗುದ್ದಲಿಗಳು ಬಂದ ದಾರಿಯಲ್ಲೇ ವಾಪಸಾದವು.

ಅಂದಿನಿಂದ ಪ್ರತಿವರ್ಷ ಆಗಸ್ಟ್‌ನಲ್ಲಿ ಯೇಸುವಿನ ತಾಯಿ ಮರಿಯಮ್ಮನ ಹಬ್ಬದ ದಿನ ಒಲೆ ಉರಿಯುತ್ತದೆ. ವರ್ಷವಿಡೀ ತಣ್ಣಗಿದ್ದ ಕಲ್ಲು ಮೊದಲ ಮನೆಯ ಕಟ್ಟಿಗೆಯನ್ನೆಲ್ಲ ನುಂಗಿಬಿಡುತ್ತದೆ. ಅವರ ಬ್ರೆಡ್ಡೋ, ಮೇಲೆ ಕರಕಲು, ಕೆಳಗೆ ಹಸಿ. ಆಮೇಲಿನವರದು ಹದವಾಗಿ ಬೇಯುತ್ತದೆ. ಆದ್ದರಿಂದ ಬ್ರೆಡ್ಡಿನ ಮೇಲೆ ಒತ್ತುವ, ಪ್ರತಿ ಮನೆಯ ಗುರುತಿನ ಮರದ ಅಚ್ಚುಗಳನ್ನು ಚೀಲಕ್ಕೆ ಹಾಕಿ, ಊರಿನ ಹಿರಿಯ ಹೆಂಗಸಿನ ಕೈಯಲ್ಲಿ ಎತ್ತಿಸುತ್ತಾರೆ. ಮೊದಲ ಸರದಿ ಬಂದವರು ಗೊಣಗುತ್ತಾರೆ, ಉಳಿದವರು ನಗುತ್ತಾರೆ.

ಅರ್ಮೆಲ್ ಅವರ ಅಚ್ಚು ಮಾತ್ರ ಆ ಚೀಲದಲ್ಲಿ ಇರಲಿಲ್ಲ. ಅವರು ಅತಿಥಿಗಳಲ್ಲವೇ! ಒಲೆ ಹದಕ್ಕೆ ಬಂದಾಗ, "ಮೇಡಮ್, ಈಗ ನಿಮ್ಮದು ಕೊಡಿ" ಎಂದು ಗೌರವದಿಂದ ಕರೆಯುತ್ತಿದ್ದರು. ವರ್ಷ ವರ್ಷವೂ ಊರಿಗೇ ಚೆಂದದ ಬ್ರೆಡ್ಡು ಅವರದೇ ಆಗುತ್ತಿತ್ತು. ಅದನ್ನು ಮನೆಗೆ ಒಯ್ದು ಒಬ್ಬರೇ ಕೂತು ತಿನ್ನುವಾಗ, ಆ ಚೀಲದಲ್ಲಿ ತಮ್ಮದೂ ಒಂದು ಅಚ್ಚು ಇದ್ದಿದ್ದರೆ ಎಂದುಕೊಳ್ಳುತ್ತಿದ್ದರು. ಈಗ ಊರಿನ ಹೆಂಗಸರಲ್ಲೆಲ್ಲ ಹಿರಿಯಳಾದ ಲಿಯೊಂತಿನ್ ಅಜ್ಜಿಯ ಮಣಿಕಟ್ಟು ಮುರಿದ ಚಳಿಗಾಲದಲ್ಲಿ ಆಕೆಯ ಮನೆಯ ಹಿಟ್ಟನ್ನೆಲ್ಲ ನಾದಿಕೊಟ್ಟವರು ಅವರು. ಊರಿನ ಪ್ರತಿ ಮನೆತನದ ಕಥೆ ಅವರ ನಾಲಿಗೆಯ ತುದಿಯಲ್ಲಿತ್ತು. ಒಮ್ಮೆ ಅಂಟೊನಿನ್ ಮೆಚ್ಚಿಕೊಂಡೇ ಹೇಳಿದರು: "ನಮ್ಮಜ್ಜಿ ವಿಷಯ ನಮಗಿಂತ ನಿಮಗೇ ಚೆನ್ನಾಗಿ ಗೊತ್ತು ಮೇಡಮ್. ಪಾಪ, ನಿಮ್ಮೋರು ಅಂತ ಇಲ್ಲಿ ಯಾರೂ ಇಲ್ಲ, ಅಷ್ಟೇ." ಆ ಒಳ್ಳೆಯ ಮಾತು ಅವರನ್ನು ಬಹಳ ದಿನ ಕಾಡಿತು.

ಈ ವರ್ಷ ನಿವೃತ್ತಿಯ ಜೊತೆಗೆ ಶಾಲೆಯೂ ಮುಚ್ಚಿತು. ಶಾಲೆಯ ಮೇಲಿನ ಮನೆಯನ್ನು ಬಿಡಬೇಕಾಯಿತು. ಕಡಲತೀರದ ತಂಗಿಯ ಮನೆಗೆ ಹೋಗುವುದೆಂದು ಪೆಟ್ಟಿಗೆ ಕಟ್ಟಿ, ಊರಿನವರ ಮುಖವನ್ನೊಮ್ಮೆ ಕಣ್ತುಂಬ ನೋಡಿ ಹೊರಡೋಣವೆಂದು ಎಂದಿನಂತೆ ನಾದಿದ ಹಿಟ್ಟು ಹಿಡಿದು ಹಬ್ಬದ ದಿನ ಒಲೆಯ ಹತ್ತಿರ ಬಂದರು.

ಲಿಯೊಂತಿನ್ ಚೀಲಕ್ಕೆ ಕೈಹಾಕಿ ತಡಕಾಡುತ್ತಲೇ ಇದ್ದರು.

"ಅದೇನ್ ಹುಡುಕ್ತಿದೀಯೇ, ಚಿನ್ನ ಇದ್ಯಾ ಒಳಗೆ?" ಎಂದರು ಅಂಟೊನಿನ್.

"ಸುಮ್ನಿರೋ, ಕೆತ್ತಿದ್ದು ನೀನೇ. ಇಷ್ಟು ಚಿಕ್ಕದು ಕೆತ್ತಿದ್ರೆ ಕೈಗೆಲ್ಲಿ ಸಿಗುತ್ತೆ?"

ಹೊರಬಂದದ್ದು ಹೊಸ ಮರದ ಅಚ್ಚು. ಅದರ ಮೇಲೊಂದು ಮೀನು.

"ಮೊದಲನೇ ಸರದಿ ನಿಂದು ಕಣೇ ಅರ್ಮೆಲ್," ಎಂದರು ಅಜ್ಜಿ. ಅಷ್ಟು ವರ್ಷ ಬಾಯಲ್ಲಿದ್ದ ಮೇಡಮ್ ಎಲ್ಲಿ ಹೋಯಿತೋ. "ಕಟ್ಟಿಗೆ ಇದ್ಯಾ? ನಾವ್ಯಾರೂ ಒಂದು ಕಡ್ಡೀನೂ ಕೊಡಲ್ಲ, ಈಗಲೇ ಹೇಳಿರ್ತೀನಿ."

ಅರ್ಮೆಲ್ ಒಲೆಯ ಬಾಯಿಗೆ ಒರಗಿ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಬಳಿಕ ಶಾಲೆಯ ಹಿತ್ತಲಿನ ಸೇಬಿನ ಕೊಂಬೆಗಳನ್ನು ತಾವೇ ಎಳೆದು ತಂದರು. ಊರೆಲ್ಲ ಕೈಕಟ್ಟಿ ನಿಂತು ತಮಾಷೆ ನೋಡಿತು. ಮಧ್ಯಾಹ್ನ ಬ್ರೆಡ್ಡು ಹೊರಬಂದಾಗ ಮೇಲೆ ಇದ್ದಿಲು, ಕೆಳಗೆ ಅಂಟು.

"ಇದನ್ನ ತಿಂದ್ರೆ ನನಗಿರೋ ನಾಲ್ಕು ಹಲ್ಲೂ ಹೋಗುತ್ತೆ!" ಎಂದರು ಅಂಟೊನಿನ್.

"ಮುಂದಿನ ವರ್ಷ ತಣ್ಣನೆ ಒಲೆ ನಿನಗೇ ಬರ್ಲಿ, ಆಗ ನೋಡ್ತೀನಿ ನಿನ್ನ ಬ್ರೆಡ್ಡಿನ ಚಂದಾನ!" ಎಂದು ಅರ್ಮೆಲ್ ರೇಗಿದರು.

ಮುಂದಿನ ವರ್ಷ ಎಂದು ಬಾಯಿಂದ ಬಂದ ಮೇಲೆ ಹೊರಡುವ ಮಾತೆಲ್ಲಿ? ಲಿಯೊಂತಿನ್ ಅವರ ಹಿಂಬದಿಯ ಮನೆಯನ್ನು ಬಾಡಿಗೆಗೆ ಹಿಡಿದು, ಕಟ್ಟಿದ್ದ ಪೆಟ್ಟಿಗೆಗಳನ್ನು ಅಲ್ಲೇ ಬಿಚ್ಚಿದ್ದಾರೆ. ಊರಿನ ಚರಿತ್ರೆಯ ಬರವಣಿಗೆ ಅಲ್ಲಿಂದ ಮುಂದುವರಿದಿದೆ. ಅವರು ನೂರ್ಕಾಲ ಆರೋಗ್ಯದಿಂದ ಬಾಳಲಿ, ಇನ್ನಷ್ಟು ಬರೆಯಲಿ, ಮತ್ತು ಚೀಲದಿಂದ ಮೀನಿನ ಅಚ್ಚು ಮೊದಲು ಬಂದಾಗಲೆಲ್ಲ ನಮ್ಮೆಲ್ಲರ ಹಾಗೆಯೇ ಹಣೆ ಚಚ್ಚಿಕೊಂಡು ಗೊಣಗಲಿ.