ದೂರ ಎಂಬ ಮಾತು

ಔಷಧಿ ಅಂಗಡಿಯಲ್ಲಿ ಯಾರೋ ಓಮದ ನೀರಿನ ಸೀಸೆಯ ಮುಚ್ಚಳ ತೆಗೆದು ಮೂಸಿದರು. ಆ ಘಾಟು ನನ್ನ ಮೂಗಿಗೂ ಬಂತು, ಚಿಕ್ಕಮ್ಮ ನೆನಪಾದಳು. ನಿಮಗೆ ಹೇಳಲು ನಾಚಿಕೆಯಾಗುತ್ತದೆ. ಆದರೆ ಈ ಕಥೆಯ ತುಂಬ ಇರುವುದೇ ನನ್ನ ನಾಚಿಕೆ.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ರೈಲಿನಲ್ಲಿ ಹೋಗಿ ಚಿನ್ನದ ಗಣಿಯ ತಮಿಳು ಕಾರ್ಮಿಕರ ಲೈನುಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ಮೊಸರು ಮಾರುತ್ತಿದ್ದಳು. ಅರವತ್ತರ ದಶಕ. ಐವತ್ತು ದಾಟಿದ್ದ ಅವಳ ಹೊಟ್ಟೆ ಉಬ್ಬತೊಡಗಿತು, ಎರಡು ತುತ್ತಿಗೇ ಸಾಕು ಎನ್ನುತ್ತಿದ್ದಳು. ವಾಯು ಎಂದು ಓಮದ ನೀರು ಕುಡಿಸಿದೆವು. ಕಡೆಗೆ ಗಣಿಯ ಊರು ರಾಬರ್ಟ್‌ಸನ್‌ಪೇಟೆಯ ಒಂದು ಆಸ್ಪತ್ರೆಗೆ ಹೊರಟಾಗ ಜೊತೆಗೆ ನಾನು. ಎಸ್ಸೆಸ್ಸೆಲ್ಸಿ ಪಾಸಾಗಿ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ತಮಿಳು, ಇಂಗ್ಲಿಷು ಎರಡೂ ಬಲ್ಲೆನೆಂಬ ಜಂಭ ಬೇರೆ.

ರೈಲಿನಲ್ಲಿ ಅವಳು ಕಿಟಕಿಯತ್ತ ಮುಖ ಮಾಡಿ, “ನಿಂತೋಗಿದ್ದು ಮತ್ತೆ ಕಾಣಿಸ್ಕಂತಾ ಐತೆ. ಡಾಕ್ಟ್ರಿಗೆ ನೀನೇ ಏಳ್ಬಿಡಪ್ಪಾ,” ಅಂದಳು. ನಾನು ಊಂ ಅಂದೆ. ಕಿವಿ ಬಿಸಿಯಾಗಿತ್ತು.

ಆಸ್ಪತ್ರೆಯಲ್ಲಿ ದುಭಾಷಿಯ ಗತ್ತಿನಲ್ಲಿ ಮುಂದೆ ನಿಂತಿದ್ದವನು ನಾನೇ ಆದ್ದರಿಂದ ನರ್ಸಮ್ಮ ನನ್ನನ್ನೇ ಕೇಳಿದಳು: “ವೀಟ್ಟುಕ್ಕು ದೂರಮಾ?” ತಮಿಳಿನಲ್ಲಿ ಅದು ಮನೆ ದೂರವಾ ಎಂದೂ ಆಗುತ್ತದೆ, ಮುಟ್ಟಾಗುತ್ತಾಳಾ ಎಂದೂ ಆಗುತ್ತದೆ. ಅವಳು ಕೇಳಿದ್ದು ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸುತ್ತ ಗಂಡಸರು ಕೂತಿದ್ದರು. ದೂರವೇ, ಬಂಗಾರಪೇಟೆ ಕಡೆ ಅಂದುಬಿಟ್ಟೆ. ಯಾರೋ ನಕ್ಕರು. ನರ್ಸಮ್ಮ ಚಿಕ್ಕಮ್ಮನ ಮುಖ ನೋಡಿದಳು, ಚಿಕ್ಕಮ್ಮ ನೆಲ ನೋಡಿದಳು. ಡಾಕ್ಟರಿಗೂ ಹೊಟ್ಟೆಯುಬ್ಬರವನ್ನಷ್ಟೇ ಹೇಳಿದೆ, ವಾಯುವಿನ ಮಿಕ್ಸ್ಚರ್ ಹಿಡಿದು ವಾಪಸಾದೆವು.

ಆರು ತಿಂಗಳ ಮೇಲೆ ಬೆಂಗಳೂರಿನ ಡಾಕ್ಟರು ಅಂಡಾಶಯದ ಕ್ಯಾನ್ಸರ್ ಎಂದರು. ಹೊಟ್ಟೆಯಲ್ಲೆಲ್ಲ ಹರಡಿದೆ, ಮೊದಲೇ ಬಂದಿದ್ದರೆ ಆಪರೇಷನ್ ಮಾಡಿ ನೋಡಬಹುದಿತ್ತು ಎಂದರು. ಉಳಿಯುತ್ತಿದ್ದಳೋ ಇಲ್ಲವೋ, ಅವರೂ ಹೇಳಲಿಲ್ಲ.

ಕೊನೆಯ ದಿನಗಳಲ್ಲಿ ಅವಳ ಕಾಲು ಒತ್ತುತ್ತಾ, ಆವತ್ತು ನರ್ಸಮ್ಮ ಕೇಳಿದ್ದು ಮನೆಯ ವಿಷಯವಲ್ಲ ಎಂದು ಒಪ್ಪಿಕೊಂಡೆ.

“ಗೊತ್ತು ಕಣ್ಲಾ,” ಅಂದಳು. “ಇಪ್ಪತ್ತು ವರ್ಷ ಲೈನಾಗೆ ಮೊಸರು ಮಾರಿದೋಳಿಗೆ ಅಷ್ಟು ತಮಿಳು ಬರಲ್ವಾ? ಎಲ್ಲಾರ ಮುಂದೆ ನಿನ್ ಮರ್ವಾದೆ ಓಗ್ತದೆ ಅಂತ ಸುಮ್ನಾದೆ.”

ಮೊನ್ನೆ ಊಟಕ್ಕೆ ಕೂತಾಗ ಮಗಳು ಯಾಕೋ ಹೊಟ್ಟೆ ಉಬ್ಬರ ಎಂದಳು. ಅಳಿಯ, ಮೊಮ್ಮಕ್ಕಳ ಎದುರೇ, ಮುಟ್ಟು ನಿಂತ ಮೇಲೆ ಮತ್ತೇನಾದರೂ ಕಾಣಿಸಿಕೊಂಡಿತೇ ಎಂದು ಕೇಳಿದೆ. ಇಲ್ಲಪ್ಪ ಎಂದು ಅವಳು ಸಾರು ಬಡಿಸಿಕೊಂಡಳು. ಆದರೂ ನಾಳೆಯೇ ತೋರಿಸೋಣ ಎಂದೆ. ಇಷ್ಟನ್ನೂ ಆಡಿ ಮುಗಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ.