ಒಂದೇ ವಿಳಾಸಕ್ಕೆ ಹೋದ ಕರೆಪತ್ರಗಳು

ಕೊರೊನಾ ಗಲಾಟೆ ತಣ್ಣಗಾದ ವರ್ಷ ನಾನು ಹರಪನಹಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಡಳಿತಾಧಿಕಾರಿಯಾಗಿದ್ದೆ. ನರ್ಸ್‌ಗಳ ನೇಮಕಾತಿಗೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯಿಂದೆಲ್ಲ ಅರ್ಜಿಗಳು ಬಂದಿದ್ದವು. ಹಿಂದೆ ಸಂದರ್ಶನಕ್ಕೆ ಕರೆಯಲು ಒಂದೊಂದು ಲಕೋಟೆಗೂ ವಿಳಾಸ ಬರೆದು ಕೈ ಸೋಲುತ್ತಿತ್ತು. ಈಗ ಮೇಲ್ ಮರ್ಜ್ ಎಂಬುದಿದೆಯಲ್ಲ! ಪತ್ರ ಒಂದೇ ಬರೆಯುವುದು, ಹೆಸರು ಮತ್ತು ಇ-ಮೇಲ್ ವಿಳಾಸಗಳನ್ನು ಬೇರೆ ಹಾಳೆಯಲ್ಲಿ ತುಂಬುವುದು. ಗುಂಡಿ ಒತ್ತಿದರೆ ಕಂಪ್ಯೂಟರೇ ಅವರವರ ಹೆಸರು ಹಾಕಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಪತ್ರ ಕಳಿಸುತ್ತದೆ. ಒತ್ತಿದೆ. ಒಂದೂ ವಾಪಸ್ ಬರಲಿಲ್ಲ. ಖುಷಿಯಿಂದ ಚಹಾ ತರಿಸಿ ಕುಡಿದೆ.

ಸಂದರ್ಶನದ ದಿನ ಬೆಳಿಗ್ಗೆ ಹಲವಾಗಲಿನ ಗಂಗಮ್ಮ ಎಂಬ ಹುಡುಗಿ ನನ್ನ ಟೇಬಲ್ ಮುಂದೆ ಬಂದು ನಿಂತಳು.

“ಮೇಡಂ, ನಮ್ಮ ಹುಲಿಗೆವ್ವನ್ನ ಯಾಕ ಕರೀಲಿಲ್ರಿ? ಇಬ್ರೂ ಕೂಡೇ ಅರ್ಜಿ ಹಾಕಿದ್ವಿ.”

“ಕರದೀವಲ್ಲವಾ, ನಾನ ಕಳ್ಸೀನಿ.”

“ಬಂದಿಲ್ರಿ. ಅವರವ್ವಗ ಲಕ್ವ ಹೊಡದೈತಿ, ಬಿಟ್ಟು ದೂರದ ಊರಿಗೆ ಹೋಗಂಗಿಲ್ಲ. ಇದೊಂದ ಕೆಲಸ ನಂಬ್ಕೊಂಡು ಕುಂತಿದ್ಲು. ಅತ್ತು ಅತ್ತು ಸಾಕಾಗೇತಿ ಆಕಿಗೆ.”

ವಿಳಾಸಗಳ ಹಾಳೆ ತೆರೆದೆ. ನೋಡಿದರೆ ಇಬ್ಬರದೂ ಒಂದೇ ಇ-ಮೇಲ್ ವಿಳಾಸ!

“ಅದು ನಮ್ಮೂರ ಕಂಪ್ಯೂಟರ್ ಸೆಂಟರ್ ಕೊಟ್ರೇಶಣ್ಣಂದ್ರಿ,” ಎಂದಳು ಗಂಗಮ್ಮ. “ನಮ್ಮ ಕಡಿ ಎಲ್ರ ಅರ್ಜಿಗೂ ಅವನ ಮೇಲ್, ಅವನ ಫೋನ್ ನಂಬರೇ ಹಾಕ್ತಾನ. ಏನರ ಬಂದ್ರ ಕರದು ಹೇಳ್ತಾನ.”

ಕೂಡಲೇ ಕೊಟ್ರೇಶನಿಗೆ ಫೋನ್ ಹಚ್ಚಿದೆ. “ಒಂದ ಬಂದಿತ್ರಿ, ಗಂಗಮ್ಮಗ ಪ್ರಿಂಟ್ ಕೊಟ್ಟೆ,” ಎಂದ.

“ಅದನ್ನ ಮತ್ತ ತಗದು, ಮ್ಯಾಲ ಕೆಳಗ ನೋಡಪ್ಪಾ.”

ಮೌಸ್ ಒತ್ತುವ ಟಕಟಕ ಸದ್ದು ಕೇಳಿಸಿತು. ಆಮೇಲೆ, “ಅಯ್ಯ ಶಿವನೇ! ಹುಲಿಗೆವ್ವಂದೂ ಇದರಾಗ ಐತಲ್ರೀ!”

ಕಳಿಸಿದವರು ಒಬ್ಬರೇ, ವಿಷಯವೂ ಒಂದೇ ಆಗಿದ್ದರಿಂದ ಅವನ ಮೇಲ್‌ಬಾಕ್ಸ್ ಎರಡೂ ಪತ್ರಗಳನ್ನು ಒಂದೇ ಸಾಲಿನಡಿ ಮಡಚಿಟ್ಟಿತ್ತು. ಅವನು ಮೇಲಿನದನ್ನಷ್ಟೇ ಓದಿದ್ದ.

“ಈಗ ಆಕಿ ಎಲ್ಲಿ ಅದಾಳ?”

“ಕುರಿ ಹೊಡಕೊಂಡು ಹೊಳಿ ಕಡಿ ಹೋಗ್ಯಾಳ್ರಿ. ನಾ ಅಂಗಡಿ ಬಾಗಿಲು ಹಾಕಿ ಬೈಕ್ ಮ್ಯಾಲ ಹೊಂಟೆ.”

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗೇಟಿಗೆ ಹೋಗುವುದು, ಒಳಗೆ ಬಂದು ಎಷ್ಟು ಜನ ಉಳಿದಿದ್ದಾರೆಂದು ಇಣುಕುವುದು, ಮತ್ತೆ ಗೇಟಿಗೆ ಹೋಗುವುದು. ಕೊಟ್ರೇಶ ಫೋನ್ ಎತ್ತುತ್ತಿಲ್ಲ. ಹೊಳೆದಂಡೆಯಲ್ಲಿ ಆ ಹುಡುಗಿ ಎಲ್ಲಿದ್ದಾಳೋ, ಇವನ ಕಣ್ಣಿಗೆ ಬೀಳುತ್ತಾಳೋ ಇಲ್ಲವೋ! ಊಟದ ಡಬ್ಬಿಯನ್ನು ತೆರೆಯಲೂ ಇಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೊನೆಯವಳೂ ಹೊರಬಂದಳು. ಸಂದರ್ಶನ ಮಾಡುತ್ತಿದ್ದ ಹಿರಿಯ ಡಾಕ್ಟರು ಪೆನ್ನು ಜೇಬಿಗಿಟ್ಟರು. ಹುಲಿಗೆವ್ವನ ಸಂಗತಿ ಹೇಳಿ, ಸ್ವಲ್ಪ ಕಾಯಿರಿ ಎಂದೆ.

“ಮೇಲ್ ಕಳ್ಸೀರಲ್ಲ, ನಿಮ್ಮ ಕೆಲಸ ಮುಗೀತು. ಬರದಿದ್ರ ಅದು ಅವರ ಹಣೆಬರಹ.”

ನನಗೆ ರೇಗಿಹೋಯಿತು. “ಕೈಗೆ ಸಿಗದಿದ್ದ ಪತ್ರ ಯಾವ ಸೀಮಿ ಪತ್ರ ಸರ್? ಆಕಿ ಬರೋಮಟ ಏಳಬ್ಯಾಡ್ರಿ!”

ಅವರು ಮುಖ ಗಂಟಿಕ್ಕಿಕೊಂಡೇ ಕೂತರು. ಚಹಾ ಬಂತು, ಆರಿತು. ಅಷ್ಟರಲ್ಲಿ ಬೈಕಿನ ಸದ್ದು. ತಲೆಯೆಲ್ಲ ಧೂಳಾಗಿದ್ದ ಹುಲಿಗೆವ್ವ ಸರ್ಟಿಫಿಕೇಟುಗಳ ಪ್ಲಾಸ್ಟಿಕ್ ಚೀಲವನ್ನು ಎದೆಗೊತ್ತಿಕೊಂಡು ಒಳಗೆ ಓಡಿ ಬಂದಳು.

“ಇಷ್ಟೊತ್ತಿಗೆ ಬರೋದೇನವಾ?” ಎಂದರು ಡಾಕ್ಟರು.

“ಕರದಿದ್ದು ಈಗ ಗೊತ್ತಾತ್ರಿ ಸರ್.”

ಅವರು ಅವಳನ್ನೊಮ್ಮೆ ದಿಟ್ಟಿಸಿ ನೋಡಿ ಪೆನ್ನು ತೆಗೆದರು. ಅವಳಿಗೆ ಕೆಲಸ ಸಿಕ್ಕಿತು.

ಈಗಲೂ ಮೇಲ್ ಮರ್ಜ್ ಬಳಸುತ್ತೇನೆ, ಅದರ ಮೇಲೆ ಸಿಟ್ಟೇನಿಲ್ಲ. ಆದರೆ ಕಳಿಸಿದ ಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ. ಅಂಗಡಿಯವರು ಎತ್ತಿದರೆ, “ಫೋನ್ ಆಕಿ ಕೈಗೇ ಕೊಡಪಾ” ಎಂದು ಕಾಯುತ್ತೇನೆ. ಕಚೇರಿಯ ಹುಡುಗರು ನಗುತ್ತಾರೆ. ನಗಲಿ ಬಿಡಿ. ಆ ಕಡೆಯಿಂದ “ಹೂನ್ರಿ, ನಾನ ಮಾತಾಡೋದು” ಎಂಬ ದನಿ ಕೇಳುವ ತನಕ ನಾನು ಯಾರಿಗೂ ಪತ್ರ ಕಳಿಸಿದ್ದೇನೆ ಎನ್ನುವುದಿಲ್ಲ.