ದಸ್ತಗೀರ ತೆರೆದಿಟ್ಟ ಫೈಲು

ದೆವ್ವ, ಗಾಳಿ, ಮಾಟ ಎಂದರೆ ನಗುತ್ತಿದ್ದವನು ನಾನು. ಜಲನಗರದ ನಮ್ಮ ಓಣಿಯಲ್ಲಿ ಅಮಾವಾಸ್ಯೆಯ ಮರುದಿನ ರಸ್ತೆಯಲ್ಲಿ ನಿಂಬೆಹಣ್ಣು ಬಿದ್ದಿದ್ದರೆ ಬೇಕೆಂದೇ ಅದರ ಮೇಲೆ ಸ್ಕೂಟರ್ ಹತ್ತಿಸುತ್ತಿದ್ದೆ. ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಎಂಥ ದೋಷಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಸಿಗದಿದ್ದರೆ ಹುಡುಕುವವನೇ ದಡ್ಡ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೇನೆ. ಆದ್ದರಿಂದ ಇದನ್ನು ಬರೆಯಲು ನನಗೇ ಸಂಕೋಚ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ.

ವಿಜಯಪುರದಲ್ಲಿ ಮಲ್ಲಪ್ಪ ಎಂಬುವರದೊಂದು ಫೋಟೊ ಸ್ಟುಡಿಯೊ ಇದೆ. ತೆಗೆದ ಮದುವೆ ವಿಡಿಯೊಗಳೆಲ್ಲ ಒಳಕೋಣೆಯ ಸರ್ವರ್‌ನಲ್ಲಿರುತ್ತವೆ. ಹೊರಗಿನ ಕಂಪ್ಯೂಟರ್‌ಗಳು ಕೇಬಲ್ ಮೂಲಕ ಅಲ್ಲಿಂದಲೇ ಫೈಲು ತೆರೆದು ಕೆಲಸ ಮಾಡುತ್ತವೆ. ಇಬ್ಬರು ಒಂದೇ ಫೈಲಿಗೆ ಕೈ ಹಾಕಬಾರದಲ್ಲ, ಅದಕ್ಕೇ ಯಾವ ಫೈಲನ್ನು ಯಾವ ಕಂಪ್ಯೂಟರ್ ತೆರೆದಿದೆ ಎಂದು ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ಗುರುತು ಸಿಗಲೆಂದು ಆ ಕಂಪ್ಯೂಟರ್‌ಗಳಿಗೆ ಅಲ್ಲಿ ಕೂರುವವರ ಹೆಸರನ್ನೇ ಇಟ್ಟಿದ್ದೆ. ಅದರಲ್ಲಿ ಒಂದು ದಸ್ತಗೀರ.

ದಸ್ತಗೀರ ತೊರವಿಯವನು, ಸ್ಟುಡಿಯೊದ ಹಳೆಯ ಕ್ಯಾಮೆರಾಮನ್. ತಿಕೋಟಾದಿಂದ ಬಬಲೇಶ್ವರದವರೆಗೆ ಅವನು ತೆಗೆಯದ ಮದುವೆ ಕಡಿಮೆ. ತನ್ನ ಫೋಟೊ ಮಾತ್ರ ಯಾರಿಗೂ ತೆಗೆಯಗೊಡುತ್ತಿರಲಿಲ್ಲ. "ನಂದ್ಯಾಕ ಬೇಕೋ ಮಾರಾಯಾ, ಕ್ಯಾಮೆರಾ ಒಡದೀತು" ಎಂದು ಪಕ್ಕಕ್ಕೆ ಸರಿದುಬಿಡುತ್ತಿದ್ದ. ಮಗಳು ಅಫ್ಸಾನಾಳನ್ನು ಬಬಲೇಶ್ವರಕ್ಕೆ ಕೊಟ್ಟ ದಿನವೊಂದೇ, ತಂದೆಯಾಗಿ ನಿಲ್ಲಬೇಕಾದ್ದರಿಂದ, ಕ್ಯಾಮೆರಾ ಬೇರೆಯವರ ಕೈಗೆ ಹೋಯಿತು. ಆ ವಿಡಿಯೊ ಎಡಿಟ್ ಮಾಡಲು ಗಿರಾಕಿಗಳ ಕೆಲಸದ ನಡುವೆ ಅವನಿಗೆ ಪುರಸೊತ್ತೇ ಆಗಲಿಲ್ಲ. ಒಂದು ಸಂಜೆ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ.

ಅವನು ತೀರಿ ನಾಲ್ಕೂವರೆ ತಿಂಗಳಾಗಿರಬೇಕು. ಬೇಸಗೆಯ ಒಂದು ಬೆಳಿಗ್ಗೆ ಕರೆಂಟ್ ಹತ್ತು ಸಲ ಬಂದು ಹೋಗಿ, ಯುಪಿಎಸ್ ಕೈಕೊಟ್ಟು, ಸರ್ವರ್ ಬಂದ್ ಆಯಿತು. ಮಲ್ಲಪ್ಪ ಫೋನ್ ಮಾಡಿದರು. ನಾನು ಹೋದಾಗ ಅಫ್ಸಾನಾ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

"ಕಾಕಾ, ಅಮ್ಮಿದು ಇದ್ದತ್ ಮುಗದೈತ್ರಿ. ಅಬ್ಬಾರ ಮುಖಾ ಒಮ್ಮೆ ತೋರಸು ಅಂತ ಕುಂತಾಳ. ಮನ್ಯಾಗ ಅವರದೊಂದ ಫೋಟೋನೂ ಇಲ್ಲ" ಎಂದಳು. ಗಂಡ ತೀರಿದ ಮೇಲೆ ಮುಸಲ್ಮಾನ ಹೆಂಗಸರು ಮನೆಯೊಳಗೇ ಕಳೆಯುವ ನಾಲ್ಕು ತಿಂಗಳು ಹತ್ತು ದಿನಕ್ಕೆ ಇದ್ದತ್ ಎನ್ನುತ್ತಾರೆ. ನಿನ್ನ ಮದುವೆ ವಿಡಿಯೊ ಸಂಜೆಯೊಳಗೆ ಕೊಡುತ್ತೇನೆ ಎಂದು ದೊಡ್ಡದಾಗಿ ಹೇಳಿ ಒಳಗೆ ಹೋದೆ.

ಸರ್ವರ್ ಎದ್ದಿತು, ಆದರೆ ಫೋಲ್ಡರ್‌ಗಳು ಯಾವ ಕಂಪ್ಯೂಟರ್‌ಗೂ ಕಾಣುತ್ತಿರಲಿಲ್ಲ. ಹಳೆಯ ಸಂಪರ್ಕಗಳನ್ನು ಒಂದೊಂದೇ ಕಡಿದು ಹೊಸದಾಗಿ ಜೋಡಿಸುವ ಹೊತ್ತಿಗೆ ಎರಡು ಗಂಟೆ. ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡೆ. ಒಂದು ಫೈಲು ಮಾತ್ರ ಬರಲಿಲ್ಲ. ಅದು ಅಫ್ಸಾನಾಳ ಮದುವೆ. ಬೇರೊಬ್ಬರು ತೆರೆದಿದ್ದಾರೆ ಎಂದು ತೋರಿಸುತ್ತಿತ್ತು. ಯಾರೆಂದು ಸರ್ವರ್‌ನ ಪಟ್ಟಿ ನೋಡಿದೆ. ಒಂದೇ ಸಾಲು ಇತ್ತು. ಕಂಪ್ಯೂಟರ್ ದಸ್ತಗೀರ, ತೆರೆದದ್ದು ಎರಡು ಗಂಟೆ ಹತ್ತು ನಿಮಿಷಕ್ಕೆ.

ಕರೆಂಟ್ ಹೋದಾಗ ಹಳೆಯ ಗುರುತು ಅಳಿಯದೆ ಉಳಿಯುವುದುಂಟು. ಆದರೆ ಈ ಸಮಯ ಅಂದಿನದೇ, ಸರ್ವರ್ ಎದ್ದ ನಂತರದ್ದು. ದಸ್ತಗೀರನ ಕಂಪ್ಯೂಟರ್ ಎಲ್ಲಿ ಎಂದು ಕೇಳಿದೆ.

"ಅಟ್ಟದ ಮ್ಯಾಲ ಬಿದ್ದೈತಿ. ಅದರ ಡಿಸ್ಕ್ ನೀವ ತಗದೀರಲ್ರಿ ಸರ್" ಎಂದರು ಮಲ್ಲಪ್ಪ.

ಹೌದು, ನಾನೇ ತೆಗೆದು, ಪೂರ್ತಿ ಅಳಿಸಿ, ಬೇರೆ ಹೆಸರು ಕೊಟ್ಟು ಇನ್ನೊಂದಕ್ಕೆ ಹಾಕಿದ್ದೆ. ಆದರೂ ಅಟ್ಟ ಹತ್ತಿ ನೋಡಿದೆ. ಬರೀ ಡಬ್ಬಿ ಧೂಳು ತಿನ್ನುತ್ತಾ ಬಿದ್ದಿತ್ತು, ಒಂದು ವೈರೂ ಇರಲಿಲ್ಲ. ಕೆಳಗಿಳಿದು ಬೇರೆ ಕಂಪ್ಯೂಟರ್‌ಗಳನ್ನೆಲ್ಲ ಬಂದ್ ಮಾಡಿ ಕೇಬಲ್‌ಗಳನ್ನು ಕಿತ್ತೆ. ಸರ್ವರ್ ಒಂದೇ ಉಳಿಯಿತು. ಆ ಸಾಲು ಹೋಗಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ಮಲ್ಲಪ್ಪ ಪರದೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಇವತ್ತ ಬಿಡ್ರಿ ಸರ್. ಅವ ನೋಡಾಕತ್ತಾನೋ ಏನೋ. ನೋಡಿ ಮುಗಸ್ಲಿ."

ಆ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ನಿಜಕ್ಕೂ ನನ್ನ ಹೆದರಿಕೆಯ ಮೇಲೆಯೇ. ಬೆಂಚಿನ ಮೇಲೆ ಕಾಯುತ್ತಿರುವ ಹುಡುಗಿಗೆ ನಿಮ್ಮಪ್ಪ ಫೈಲು ಬಿಡುತ್ತಿಲ್ಲ ಎಂದು ಹೇಳಲೇ? ಬಲವಂತವಾಗಿ ಬಿಡಿಸುವ ಗುಂಡಿ ಒತ್ತಿಬಿಟ್ಟೆ.

ಸಾಲು ಮಾಯವಾಯಿತು. ಅರೆಗಳಿಗೆಯ ಹಿಂದೆ ನಲವತ್ತು ಜಿಬಿ ಎಂದು ನಾನೇ ಕಣ್ಣಾರೆ ನೋಡಿದ್ದ ಫೈಲು ಈಗ ಸೊನ್ನೆ ತೋರಿಸುತ್ತಿತ್ತು. ಉಳಿದ ನೂರಾರು ಮದುವೆಗಳಿಗೆ ಏನೂ ಆಗಿರಲಿಲ್ಲ. ಸ್ಟುಡಿಯೊದಲ್ಲಿ ವಿಡಿಯೊ ಸರ್ವರ್‌ಗೆ ಬಂದೊಡನೆ ಕ್ಯಾಮೆರಾದ ಕಾರ್ಡು ಅಳಿಸಿ ಮುಂದಿನ ಮದುವೆಗೆ ಒಯ್ಯುತ್ತಾರೆ. ಹಾಗಾಗಿ ಬೇರೆ ನಕಲೂ ಇರಲಿಲ್ಲ. ಆಮೇಲೆ ಮೂರು ದಿನ ಗೊತ್ತಿದ್ದ ವಿದ್ಯೆಯನ್ನೆಲ್ಲ ಹಾಕಿದೆ, ಒಂದು ಚಿತ್ರವೂ ಮರಳಲಿಲ್ಲ.

"ಡಿಸ್ಕ್ ಕೆಟ್ಟಿತ್ತವ್ವಾ" ಎಂದೆ, ನಾಲ್ಕನೆಯ ದಿನ ಮತ್ತೆ ಬಂದ ಅಫ್ಸಾನಾಳಿಗೆ.

"ಬ್ಯಾರೇದೆಲ್ಲಾ ಉಳದಾವಲ್ರಿ ಕಾಕಾ, ಇದೊಂದ ಯಾಕ ಹೋತು?" ಎಂದಳು. ಅವಳು ಸೆರಗು ಸರಿಮಾಡಿಕೊಂಡು ತೊರವಿಗೆ, ತಾಯಿಯ ಹತ್ತಿರ, ಬರಿಗೈಯಲ್ಲಿ ಹೋದಳು.

ಅದಾಗಿ ಎರಡು ವರ್ಷವಾಯಿತು. ಕಾರಣ ಹುಡುಕುವುದನ್ನು ಈಗಲೂ ಬಿಟ್ಟಿಲ್ಲ, ಸಿಕ್ಕಿಲ್ಲ. ದಸ್ತಗೀರ ಆ ವಿಡಿಯೊವನ್ನು ಕಾಯುತ್ತಿದ್ದನೋ, ಬದುಕಿದ್ದಾಗಿನಂತೆ ತನ್ನ ಮುಖ ಯಾರಿಗೂ ಕಾಣುವುದು ಬೇಡವೆಂದು ಹಿಡಿದಿಟ್ಟಿದ್ದನೋ, ಅಥವಾ ಅದೆಲ್ಲ ಸರ್ವರ್‌ನ ಹುಚ್ಚಾಟವೋ, ದೇವರಾಣೆ ನನಗೆ ಗೊತ್ತಿಲ್ಲ. ಗುಂಡಿ ಒತ್ತಿದ್ದು ನಾನು ಎಂಬುದಷ್ಟೇ ಗೊತ್ತು.

ಅದನ್ನು ಹೇಳಿಬಿಡೋಣವೆಂದು ಒಮ್ಮೆ ತೊರವಿಗೆ ಹೋದೆ. ಗೋಡೆಯ ಮೇಲೆ ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ತೂಗುಹಾಕಿದ್ದರು. ಕಣ್ಣು, ಬಾಯಿ ಎಲ್ಲ ಮಸುಕು. ಅವನ ಹೆಂಡತಿ ಚಹಾ ತಂದಿಟ್ಟು, ಬಾಗಿಲ ಬಳಿ ನಿಂತು ಕೇಳಿದಳು.

"ಆ ಮದಿವಿ ವಿಡಿಯೋ ನೀವು ನೋಡೀರೇನ್ರಿ ಅಣ್ಣಾರ? ಅದರಾಗ ಅವರು ನಕ್ಕಿದ್ರೇನ್ರಿ?"

ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ. "ಹೌದವ್ವಾ, ಭಾಳ ನಕ್ಕಿದ್ದ" ಎಂದೆ.